ಹಗಲು ಮಾತ್ರ ನಡುಗುವ ಟರ್ಬೈನ್

ಯಂತ್ರಗಳ ನಡುಕ ಅಳೆಯುವುದು ನನ್ನ ಕೆಲಸ. ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ನೀರೆತ್ತುವ ಪಂಪ್‌ಹೌಸ್, ಎಲ್ಲಿಂದ ಕರೆ ಬಂದರೂ ಸೆನ್ಸರ್ ಪೆಟ್ಟಿಗೆ ಹೊತ್ತು ಹೊರಡುತ್ತೇನೆ. ಸಾಮಾನ್ಯವಾಗಿ ತೊಂದರೆ ಯಂತ್ರದಲ್ಲೇ ಇರುತ್ತದೆ. ಬೇರಿಂಗ್ ಸವೆದಿರುತ್ತದೆ, ಕಪ್ಲಿಂಗ್ ಸೊಟ್ಟ ಕೂತಿರುತ್ತದೆ, ಫೌಂಡೇಶನ್ ಬೋಲ್ಟ್ ಸಡಿಲಾಗಿರುತ್ತದೆ. ಮಲೆನಾಡಿನ ಒಂದು ಜಲವಿದ್ಯುತ್ ಕೇಂದ್ರದಿಂದ ಫೆಬ್ರುವರಿಯಲ್ಲಿ ಕರೆ ಬಂದಾಗಲೂ ಹಾಗೇ ಅಂದುಕೊಂಡು ಹೊರಟೆ. ಕೇಂದ್ರದ ಹೆಸರು ಬೇಡ. ಎರಡು ಫ್ರಾನ್ಸಿಸ್ ಟರ್ಬೈನ್ ಇವೆ, ತಲಾ 40 ಮೆಗಾವ್ಯಾಟ್, ಅಷ್ಟು ಗೊತ್ತಿದ್ದರೆ ಸಾಕು.

ಫೋನಿನಲ್ಲಿ ಶಿಫ್ಟ್ ಇಂಜಿನಿಯರ್ ನೇರವಾಗಿಯೇ ಹೇಳಿದ್ದರು. "ಎರಡನೇ ಯೂನಿಟ್‌ದು ಗೈಡ್ ಬೇರಿಂಗ್ ಹೋಗಿದೆ ಮೇಡಂ. ಬಿಚ್ಚೋಕೆ ಟೆಂಡರ್ ರೆಡಿ ಇದೆ. ನಿಮ್ಮದೊಂದು ರಿಪೋರ್ಟ್ ಇದ್ದರೆ ಫೈಲ್ ಮುಂದೆ ಹೋಗುತ್ತೆ." ಗೈಡ್ ಬೇರಿಂಗ್ ಅಂದರೆ ತಿರುಗುವ ಶಾಫ್ಟನ್ನು ಪಕ್ಕಕ್ಕೆ ಅಲ್ಲಾಡದಂತೆ ಹಿಡಿಯುವ ಭಾಗ. ಅಂತೂ ಕಾಯಿಲೆ ಯಾವುದು ಅಂತ ಆಗಲೇ ತೀರ್ಮಾನ ಆಗಿದೆ, ನನ್ನಿಂದ ಬೇಕಾಗಿರುವುದು ಸೀಲು ಮಾತ್ರ!

ಟರ್ಬೈನ್ ಪಿಟ್‌ಗೆ ಇಳಿಯುವ ಮೆಟ್ಟಿಲು ಕಡಿದಾಗಿತ್ತು. ಜೊತೆಗೆ ಫೋರ್‌ಮನ್ ಬಂದರು. ನಿವೃತ್ತಿಗೆ ಹತ್ತಿರ ಇದ್ದವರು, ಅದೇ ಕೇಂದ್ರದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವರು. ಹನ್ನೊಂದೂವರೆ ಆಗಿತ್ತು. ಕೆಳಗೆ ನಿಂತ ಕೂಡಲೇ ಅಂಗಾಲಿಗೆ ಗೊತ್ತಾಯಿತು. ಚುರುಕಾದ ನಡುಕ ಅಲ್ಲ, ಬಿಟ್ಟು ಬಿಟ್ಟು ಬರುವ ದಪ್ಪ ಗುದ್ದು. ಗುಡುಂ... ಗುಡುಂ... ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಮೇಲೆ ಕಂಟ್ರೋಲ್ ರೂಮಿನಲ್ಲಿ ಮೆಗಾವ್ಯಾಟ್ ಮೀಟರಿನ ಮುಳ್ಳೂ ಅದೇ ತಾಳಕ್ಕೆ ಅಲುಗುತ್ತಿತ್ತು.

"ಸಂಜೆ ಏನೂ ಇರೋದಿಲ್ಲ ಮೇಡಂ. ಬೆಳಿಗ್ಗೆ ಬೇಗ ಬಂದರೂ ಏನೂ ಇರೋದಿಲ್ಲ. ಬಿಸಿಲು ಏರ್ತಿದ್ದ ಹಾಗೆ ಶುರುವಾಗ್ತದೆ" ಅಂದರು ಫೋರ್‌ಮನ್. ಅವರದ್ದೊಂದು ಲೆಕ್ಕ ಇತ್ತು. ಮಧ್ಯಾಹ್ನ ಬೇರಿಂಗ್ ಎಣ್ಣೆ ಕಾಯುತ್ತದೆ, ತೆಳುವಾಗುತ್ತದೆ, ಸವೆದ ಬೇರಿಂಗಿನಲ್ಲಿ ಶಾಫ್ಟ್ ಅಲ್ಲಾಡುತ್ತದೆ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಸಮಯಕ್ಕೂ ಹೊಂದುತ್ತದೆ.

ಆದರೆ ನನಗೆ ಒಂದು ವಿಷಯ ಕಚ್ಚಿಕೊಂಡಿತು. ಆ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಕೈಯಲ್ಲಿ ಹಿಡಿಯುವ ಮೀಟರಿನಿಂದ ನಡುಕ ಅಳೆದು ಬರೆದಿಡುತ್ತಾರೆ. ಆ ಪುಸ್ತಕದಲ್ಲಿ ಎರಡನೇ ಯೂನಿಟ್ ಪ್ರತಿ ತಿಂಗಳೂ 'ಸರಿ ಇದೆ'. ಕಾಲಿಗೆ ಗೊತ್ತಾಗುವ ಗುದ್ದು ಮೀಟರಿಗೆ ಗೊತ್ತಾಗುತ್ತಿಲ್ಲ! ಕಾರಣ ಸರಳ. ಆ ಥರದ ಮೀಟರುಗಳಲ್ಲಿ ಹೆಚ್ಚಿನವು 10 ಹರ್ಟ್ಸ್‌ನಿಂದ (ಅಂದರೆ ಸೆಕೆಂಡಿಗೆ 10 ಸಲ) 1000 ಹರ್ಟ್ಸ್‌ವರೆಗಿನ ಕಂಪನವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. 1500 ಸುತ್ತಿನ ಮೋಟಾರಿಗೆ ಅದು ಸಾಕು. ಈ ಟರ್ಬೈನ್ ತಿರುಗುವುದು ನಿಮಿಷಕ್ಕೆ 300 ಸುತ್ತು, ಸೆಕೆಂಡಿಗೆ 5. ಅಂದರೆ ಯಂತ್ರದ ಸ್ವಂತ ತಿರುಗಾಟವೇ ಆ ಮೀಟರಿನ ಕಣ್ಣಿಗೆ ಬೀಳುವುದಿಲ್ಲ. ಇನ್ನು ಅದಕ್ಕಿಂತ ನಿಧಾನದ ಗುದ್ದು ಎಲ್ಲಿ ಬೀಳಬೇಕು? ವರ್ಷಗಟ್ಟಲೆ ಶಿಸ್ತಾಗಿ ಬರೆದ ಪುಸ್ತಕ ಸುಮ್ನೆ ಅಲ್ಲಿ ಕೂತಿತ್ತು.

ನಾನು ಗೈಡ್ ಬೇರಿಂಗ್ ಹತ್ತಿರ ಶಾಫ್ಟಿನ ಎರಡು ಬದಿಗೆ ಪ್ರಾಕ್ಸಿಮಿಟಿ ಪ್ರೋಬ್ ಕೂರಿಸಿದೆ. ಇವು ಶಾಫ್ಟ್ ಎಷ್ಟು ಮೈಕ್ರಾನ್ ಸರಿಯುತ್ತಿದೆ ಎಂದು ನೇರವಾಗಿ ಹೇಳುತ್ತವೆ, ಎಷ್ಟೇ ನಿಧಾನವಾಗಿ ಸರಿದರೂ. ಜೊತೆಗೆ ಟರ್ಬೈನಿನಿಂದ ನೀರು ಕೆಳಗೆ ಹೊರಹೋಗುವ ಕೊಳವೆಯ, ಅಂದರೆ ಡ್ರಾಫ್ಟ್ ಟ್ಯೂಬಿನ, ಗೋಡೆಯಲ್ಲಿದ್ದ ತೂತಿಗೆ ಒಂದು ಪ್ರೆಶರ್ ಸೆನ್ಸರ್. ಆ ತೂತಿನ ಪ್ಲಗ್ ಬಿಚ್ಚಲು ಫೋರ್‌ಮನ್ ಮತ್ತು ಇಬ್ಬರು ಹುಡುಗರು ಪೈಪ್ ಸ್ಪ್ಯಾನರ್ ಹಿಡಿದು ಊಟದ ಹೊತ್ತಿನವರೆಗೂ ಒದ್ದಾಡಿದರು. ಕಟ್ಟಿದ ದಿನದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ ಅಂತ ಕಾಣುತ್ತದೆ.

ಪರದೆಯ ಮೇಲೆ ಗೆರೆ ಬಂತು. ಶಾಫ್ಟ್ ಬಾಗಿದ್ದರೆ, ರೋಟರ್ ಬ್ಯಾಲೆನ್ಸ್ ತಪ್ಪಿದ್ದರೆ 5 ಹರ್ಟ್ಸ್‌ನಲ್ಲಿ ಶಿಖರ ಏಳಬೇಕು. ಅಲ್ಲಿ ಪುಟ್ಟದೊಂದು ಗುಡ್ಡ ಅಷ್ಟೇ. ದೊಡ್ಡ ಶಿಖರ ಇದ್ದದ್ದು 1.4 ಹರ್ಟ್ಸ್‌ನಲ್ಲಿ. ಶಾಫ್ಟಿನಲ್ಲೂ ಅದೇ, ನೀರಿನ ಒತ್ತಡದಲ್ಲೂ ಅದೇ. ಮೀಟರಿನ ಮುಳ್ಳಿನ ತಾಳವೂ ಅದೇ.

ಯಂತ್ರದ ವೇಗವನ್ನು, ಅಂದರೆ ಸೆಕೆಂಡಿನ ಸುತ್ತು 5ನ್ನು, 3.6ರಿಂದ ಭಾಗಿಸಿದರೆ 1.39. ರೈನ್‌ಗನ್ಸ್ ಎಂಬ ಇಂಜಿನಿಯರ್ 1940ರಲ್ಲಿ ಜಲವಿದ್ಯುತ್ ಕೇಂದ್ರಗಳ ಪವರ್ ಓಲಾಟದ ಬಗ್ಗೆ ಬರೆದಾಗ ಕೊಟ್ಟ ಅಂದಾಜು ಸೂತ್ರ ಇದು. ಎಂಬತ್ತು ವರ್ಷ ದಾಟಿದರೂ ಮೊದಲ ಅಂದಾಜಿಗೆ ಇವತ್ತೂ ಅದನ್ನೇ ಬಳಸುತ್ತೇವೆ.

ಏನಾಗುತ್ತದೆ ಅಂದರೆ, ಫ್ರಾನ್ಸಿಸ್ ಟರ್ಬೈನಿನಲ್ಲಿ ನೀರು ಸುತ್ತಲಿಂದ ಒಳಗೆ ನುಗ್ಗಿ, ರನ್ನರ್ ಎಂಬ ಚಕ್ರ ತಿರುಗಿಸಿ, ಕೆಳಗಿನ ಡ್ರಾಫ್ಟ್ ಟ್ಯೂಬಿನೊಳಗೆ ಬೀಳುತ್ತದೆ. ಯಂತ್ರವನ್ನು ಯಾವ ಲೋಡಿಗೆ, ಅಂದರೆ ಎಷ್ಟು ವಿದ್ಯುತ್ ಕೊಡಲು, ವಿನ್ಯಾಸ ಮಾಡಿದ್ದಾರೋ ಆ ಲೋಡಿನಲ್ಲಿ ನೀರು ಬಹುತೇಕ ನೇರವಾಗಿ ಕೆಳಗಿಳಿಯುತ್ತದೆ. ನೀರನ್ನು ಒಳಗೆ ಬಿಡುವ ಗೈಡ್ ವೇನ್ ರೆಕ್ಕೆಗಳನ್ನು ಅರ್ಧ ಮುಚ್ಚಿದರೆ ನೀರು ಕಡಿಮೆಯಾಗುತ್ತದೆ, ಆದರೆ ರನ್ನರ್ ವೇಗ ಅಷ್ಟೇ ಇರುತ್ತದೆ. ಗ್ರಿಡ್‌ಗೆ ಕಟ್ಟಿಹಾಕಿದ ಯಂತ್ರ, ನಿಧಾನ ಮಾಡುವ ಹಾಗಿಲ್ಲ. ಆಗ ನೀರು ರನ್ನರ್ ಬಿಟ್ಟ ಮೇಲೂ ತಿರುಗುತ್ತಲೇ ಇಳಿಯುತ್ತದೆ. ನಡುವೆ ಹೆಚ್ಚುಕಡಿಮೆ ಸತ್ತ ನೀರು, ಸುತ್ತ ತಿರುಗುವ ನೀರು. ಎರಡರ ನಡುವೆ ಹಿಂಡಿದ ಒದ್ದೆ ಪಂಚೆಯ ಹಾಗೆ ಸುರುಳಿಯಾದ ಒಂದು ಸುಳಿ ಹುಟ್ಟುತ್ತದೆ. ಇದಕ್ಕೆ ವೋರ್ಟೆಕ್ಸ್ ರೋಪ್ ಅನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಒತ್ತಡ ಎಷ್ಟು ಇಳಿಯುತ್ತದೆಂದರೆ ನೀರು ತಣ್ಣಗಿರುವಾಗಲೇ ಆವಿಯಾಗುತ್ತದೆ. ಈ ಸುರುಳಿ ಇಡಿಯಾಗಿ ಟ್ಯೂಬಿನೊಳಗೆ ಸುತ್ತುತ್ತದೆ, ಯಂತ್ರದ ವೇಗದ 0.2ರಿಂದ 0.4 ಪಟ್ಟು ವೇಗದಲ್ಲಿ. ಕೆಳಗೆ ಡ್ರಾಫ್ಟ್ ಟ್ಯೂಬ್ ಬಾಗುವ ಜಾಗಕ್ಕೆ ತಾಗಿದಾಗೆಲ್ಲ ಒಂದು ಗುದ್ದು. ಆ ಗುದ್ದು ಮೇಲೆ ಪೆನ್‌ಸ್ಟಾಕ್‌ವರೆಗೂ, ಅಂದರೆ ಟರ್ಬೈನಿಗೆ ನೀರು ತರುವ ದೊಡ್ಡ ಕೊಳವೆಯವರೆಗೂ, ಹೋಗುತ್ತದೆ. ಮುಳ್ಳು ಅಲುಗುವುದು ಅದಕ್ಕೇ.

ಶರಾವತಿಯ ದೊಡ್ಡ ಯಂತ್ರಗಳಿಗೆ ಈ ಕಾಟ ಇಲ್ಲ. ಅಲ್ಲಿನ ಹತ್ತೂ ಯೂನಿಟ್, ತಲಾ 103.5 ಮೆಗಾವ್ಯಾಟ್, ಪೆಲ್ಟನ್ ಚಕ್ರಗಳು. ಅವು ಗಾಳಿಯಲ್ಲಿ ತಿರುಗುತ್ತವೆ, ನೀರು ಬಕೆಟ್ಟಿಗೆ ಹೊಡೆದು ಬಿದ್ದು ಹೋಗುತ್ತದೆ. ಡ್ರಾಫ್ಟ್ ಟ್ಯೂಬೇ ಇಲ್ಲದಿದ್ದರೆ ಅದರೊಳಗಿನ ಸುಳಿ ಎಲ್ಲಿಂದ ಬರಬೇಕು? ಕಾಳಿ ನದಿಯ ನಾಗಝರಿಯಂಥ ಫ್ರಾನ್ಸಿಸ್ ಕೇಂದ್ರಗಳಲ್ಲಿ ಮಾತ್ರ ಯಾವ ಲೋಡಿನಲ್ಲಿ ನಿಲ್ಲುತ್ತೀರಿ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ಲಾಗ್‌ಬುಕ್ ತೆರೆದು ನಡುಕದ ದೂರು ಬರೆದ ಹೊತ್ತಿನ ಪಕ್ಕದಲ್ಲಿ ಲೋಡ್ ಎಷ್ಟಿತ್ತು ಅಂತ ನೋಡುತ್ತಾ ಹೋದೆ. 20, 22, 24, 21. ಎಲ್ಲ ಹೆಚ್ಚುಕಡಿಮೆ ಅರ್ಧ ಲೋಡ್. ಸಂಜೆಯ ಕಾಲಂನಲ್ಲಿ 38, 39. ದೂರಿಲ್ಲ. ಬಿಸಿಲಿಗೂ ನಡುಕಕ್ಕೂ ಸಂಬಂಧ ಇತ್ತು, ಎಣ್ಣೆಯ ಮೂಲಕ ಅಲ್ಲ, ಸೋಲಾರ್ ಮೂಲಕ. ಪಾವಗಡ ಒಂದರಲ್ಲೇ 2050 ಮೆಗಾವ್ಯಾಟ್ ಸೋಲಾರ್ ಇದೆ. ಹಗಲು ಅಂಥ ಪಾರ್ಕುಗಳಿಂದ ವಿದ್ಯುತ್ ಗ್ರಿಡ್‌ಗೆ ಸುರಿಯುತ್ತಿರುವಾಗ ನೀರಿನ ಯಂತ್ರಗಳಿಗೆ ಲೋಡ್ ಇಳಿಸಿ ಎನ್ನುತ್ತಾರೆ. ಸೂರ್ಯ ಇಳಿದ ಕೂಡಲೇ ಏರಿಸಿ ಎನ್ನುತ್ತಾರೆ. ಮೊದಲು ಈ ಯಂತ್ರ ಓಡಿದರೆ ಫುಲ್, ಇಲ್ಲದಿದ್ದರೆ ಬಂದ್. ಈಗ ದಿನಾ ಅಷ್ಟು ಹೊತ್ತು ತನಗೆ ಒಗ್ಗದ ಜಾಗದಲ್ಲಿ ನಿಂತಿರುತ್ತದೆ.

ಫೋರ್‌ಮನ್ ಒಪ್ಪಲಿಲ್ಲ. "ಲೋಡ್ ಕಮ್ಮಿ ಆದ್ರೆ ನಡುಕ ಕಮ್ಮಿ ಆಗ್ಬೇಕು. ಜಾಸ್ತಿ ಹೆಂಗಾಗ್ತದೆ?" ಲಾರಿಗೂ ಮಿಕ್ಸಿಗೂ ಒಪ್ಪುವ ಮಾತೇ. ವಾದ ಮಾಡಿ ಪ್ರಯೋಜನ ಇರಲಿಲ್ಲ. ರಾತ್ರಿ ತಂಪಿನಲ್ಲಿ ಅರ್ಧ ಲೋಡ್ ಇಟ್ಟು ನೋಡೋಣ ಅಂದೆ. ಶಿಫ್ಟ್ ಇಂಜಿನಿಯರ್, ಯಾವ ಕೇಂದ್ರ ಎಷ್ಟು ವಿದ್ಯುತ್ ಕೊಡಬೇಕೆಂದು ಹೇಳುವ ಲೋಡ್ ಡಿಸ್ಪ್ಯಾಚ್‌ಗೆ ಫೋನ್ ಮಾಡಿ, ಗೋಗರೆದು, ರಾತ್ರಿ ಹತ್ತೂವರೆಯ ನಂತರ ಒಂದಿಷ್ಟು ಹೊತ್ತು ಪಡೆದುಕೊಂಡರು.

ಕಾಯುವ ಹೊತ್ತಿನಲ್ಲಿ ಡ್ರೈನೇಜ್ ಗ್ಯಾಲರಿಯ ಪಂಪ್ ನೋಡಿದೆ. ಅದನ್ನು ನೋಡಲು ಯಾರೂ ಹೇಳಿರಲಿಲ್ಲ, ಆದರೆ ಅದರ ಕಿರುಚಾಟ ಕೇಳಿ ಸುಮ್ಮನಿರಲು ಆಗಲಿಲ್ಲ. ಡೆಲಿವರಿ ವಾಲ್ವ್ ಮುಕ್ಕಾಲು ಮುಚ್ಚಿತ್ತು. "ತೆರೆದರೆ ಆಂಪ್ಸ್ ಏರುತ್ತೆ" ಎಂದ ಆಪರೇಟರ್ ಹುಡುಗ. ಏರುತ್ತದೆ, ನಿಜ. ನೀರು ಜಾಸ್ತಿ ಹೋದರೆ ಸೆಂಟ್ರಿಫ್ಯೂಗಲ್ ಪಂಪ್ ಕರೆಂಟೂ ಜಾಸ್ತಿ ಎಳೆಯುತ್ತದೆ. ಆದರೆ ವಾಲ್ವ್ ಕುತ್ತಿಗೆ ಹಿಸುಕಿದರೆ ಇಂಪೆಲ್ಲರಿನ (ಪಂಪಿನೊಳಗೆ ತಿರುಗುವ ಚಕ್ರದ) ಬಾಯಲ್ಲೇ ನೀರು ವಾಪಸ್ ಸುತ್ತಲು ಶುರುಮಾಡುತ್ತದೆ. ಪಂಪಿನಲ್ಲೂ ಅದೇ ಕಥೆ: ತನಗೆ ಹೊಂದುವ ಹರಿವಿನಿಂದ ದೂರ ಹೋದಷ್ಟೂ ಒಳಗಿನ ನೀರು ಕೆಡುತ್ತದೆ. ಮೋಟಾರಿನ ನೇಮ್‌ಪ್ಲೇಟ್ ನೋಡಿ, ಅದು ತಡೆಯುವಷ್ಟು ಆಂಪ್ಸ್‌ವರೆಗೆ ವಾಲ್ವ್ ತೆರೆಸಿದೆ. ಕಿರುಚಾಟ ನಿಂತಿತು. ಹುಡುಗ ಅನುಮಾನದಿಂದಲೇ ನೋಡುತ್ತಿದ್ದ.

ಹತ್ತೂವರೆಗೆ ಪರೀಕ್ಷೆ ಶುರು. 38ರಿಂದ ಮೆಲ್ಲಗೆ ಇಳಿಸುತ್ತಾ ಬಂದರು. 34, 30, ಶಾಂತ. 28ಕ್ಕೆ ಸಣ್ಣ ಗೊಣಗಾಟ. 26ಕ್ಕೆ ಗುದ್ದು ಬಂತು. 22ರಲ್ಲಿ ಮುಳ್ಳು ಒಂದೂವರೆ ಮೆಗಾವ್ಯಾಟ್ ಆಚೆ ಈಚೆ ಹೊಯ್ದಾಡಿತು. ಬೇರಿಂಗ್ ಎಣ್ಣೆಯ ಉಷ್ಣತೆ ಮಧ್ಯಾಹ್ನಕ್ಕಿಂತ ಕಡಿಮೆ ಇತ್ತು. ಫೋರ್‌ಮನ್ ಥರ್ಮಾಮೀಟರ್ ನೋಡಿದರು, ಮುಳ್ಳು ನೋಡಿದರು. 16ಕ್ಕೆ ಇಳಿಸಿದಾಗ ತಾಳ ಹೋಗಿ ಬರೀ ಗಲಾಟೆ ಉಳಿಯಿತು. "ಹಂಗಾದ್ರೆ ನೀರಿಂದೇ" ಅಂದರು, ಅಷ್ಟೇ. ಆಮೇಲೆ ಅವರೇ ಒಂದು ವಿಷಯ ತೆಗೆದರು. ಟರ್ಬೈನಿನ ಮೇಲಿನ ಮುಚ್ಚಳದ, ಅಂದರೆ ಹೆಡ್ ಕವರ್, ಹತ್ತಿರ ಗಾಳಿಯ ಪೈಪೊಂದಿದೆ, ಅದರ ವಾಲ್ವನ್ನು ಯಾವ ಕಾಲದಲ್ಲೋ ಮುಚ್ಚಿ ತಂತಿ ಕಟ್ಟಿದ್ದಾರೆ, ಸಿಳ್ಳೆ ಸದ್ದು ತಡೆಯಲಾಗದೆ.

ಆ ಪೈಪ್ ಇರುವುದೇ ಇದಕ್ಕೆ! ರನ್ನರ್ ಕೆಳಗೆ ಒತ್ತಡ ವಾತಾವರಣಕ್ಕಿಂತ ಕಡಿಮೆ ಇರುವುದರಿಂದ ವಾಲ್ವ್ ತೆರೆದರೆ ಗಾಳಿ ತಾನಾಗಿ ಒಳಗೆ ಹೋಗುತ್ತದೆ, ಸುಳಿಯ ಗುದ್ದನ್ನು ಮೆತ್ತಗೆ ಮಾಡುತ್ತದೆ. ತಂತಿ ಕತ್ತರಿಸಿ, ಸೀಮೆಎಣ್ಣೆ ಹಾಕಿ, ವಾಲ್ವ್ ತಿರುಗಿಸಿದರು. ಇಡೀ ಪಿಟ್ ತುಂಬಾ ಸಿಳ್ಳೆ. ಕಿವಿ ಮುಚ್ಚಿಕೊಂಡೇ ಪರದೆ ನೋಡಿದೆ. ಶಿಖರ ಅರ್ಧಕ್ಕಿಳಿದಿತ್ತು. ಮಳೆಗಾಲದಲ್ಲಿ ಕೆಳಗಿನ ಹೊಳೆಯ ಮಟ್ಟ ಏರಿದಾಗ ಇಷ್ಟು ಗಾಳಿ ಎಳೆಯುವುದಿಲ್ಲ ಅನ್ನುವುದನ್ನೂ ಬರೆದುಕೊಂಡೆ.

ಮರುದಿನ ಮೀಟಿಂಗಿನಲ್ಲಿ "ಅಷ್ಟು ದಿನ ಹೀಗೇ ಓಡಿದೆ, ಏನಾಗುತ್ತೆ?" ಎಂಬ ಮಾತು ಬಂತು. ನಾನು ರಷ್ಯಾದ ಸಯಾನೊ ಶುಷೆನ್‌ಸ್ಕಯ ಹೆಸರು ಹೇಳಿದೆ. ಯೆನಿಸೇ ನದಿಯ ಮೇಲಿನ ಕೇಂದ್ರ, 640 ಮೆಗಾವ್ಯಾಟಿನ ಹತ್ತು ಯಂತ್ರ. 2009ರ ಆಗಸ್ಟ್ 17ರ ಬೆಳಿಗ್ಗೆ ಎರಡನೇ ಯಂತ್ರದ ಟರ್ಬೈನ್ ಕವರ್ ಕಿತ್ತು ಹೋಗಿ ನೀರು ನುಗ್ಗಿ 75 ಜನ ಸತ್ತರು. ಆ ಯಂತ್ರ ಗ್ರಿಡ್‌ನ ಏರಿಳಿತಕ್ಕೆ ತಕ್ಕಂತೆ ಲೋಡ್ ಬದಲಿಸುತ್ತಾ, ನಿಲ್ಲಬಾರದ ವಲಯವನ್ನು ಮತ್ತೆ ಮತ್ತೆ ದಾಟಿತ್ತು. ಕವರ್ ಹಿಡಿದಿದ್ದ ಸ್ಟಡ್ ಬೋಲ್ಟ್‌ಗಳನ್ನು ಆಮೇಲೆ ನೋಡಿದಾಗ ಬಹಳಷ್ಟರಲ್ಲಿ ಲೋಹ ದಣಿದು ಬಿಟ್ಟ ಬಿರುಕು ಸಿಕ್ಕಿತು. ಇಲ್ಲಿಯದು ಅಷ್ಟು ದೊಡ್ಡ ಯಂತ್ರ ಅಲ್ಲ, ಹೆದರಿಸಲು ಹೇಳಿದ್ದೂ ಅಲ್ಲ. ಆದರೆ ಹೆಡ್ ಕವರ್ ಬೋಲ್ಟ್‌ಗಳನ್ನು ಅಲ್ಟ್ರಾಸಾನಿಕ್‌ನಲ್ಲಿ ಪರೀಕ್ಷೆ ಮಾಡಿಸಿ ಎಂಬ ಸಾಲಿಗೆ ಯಾರೂ ಚಕಾರ ಎತ್ತಲಿಲ್ಲ.

ನನ್ನ ಸಲಹೆ ಸಣ್ಣದು. 18ರಿಂದ 27 ಮೆಗಾವ್ಯಾಟ್ ನಡುವೆ ನಿಲ್ಲಬೇಡಿ, ದಾಟಿಹೋಗಿ. ಎರಡೂ ಸೇರಿ 36 ಕೇಳಿದರೆ ಒಂದನ್ನೇ 36ರಲ್ಲಿ ಓಡಿಸಿ, ಇನ್ನೊಂದನ್ನು ನಿಲ್ಲಿಸಿ. ಲೋಡ್ ಡಿಸ್ಪ್ಯಾಚ್‌ನವರ ಆಕ್ಷೇಪಣೆಯಲ್ಲೂ ಅರ್ಥ ಇತ್ತು. ಎರಡೂ ಅರ್ಧದಲ್ಲಿದ್ದರೆ ಮೋಡ ಕವಿದ ಕೂಡಲೇ ಏರಿಸಬಹುದು, ನಿಂತ ಯಂತ್ರ ಎಬ್ಬಿಸಲು ಹೊತ್ತು ಹಿಡಿಯುತ್ತದೆ. ಪದೇ ಪದೇ ನಿಲ್ಲಿಸಿ ಎಬ್ಬಿಸಿದರೂ ರನ್ನರಿಗೆ ಪೆಟ್ಟೇ. ಸೋಲಾರ್ ಬೇಡ ಎನ್ನುವವಳು ನಾನಲ್ಲ. ಆದರೆ ಆ ಅಗ್ಗದ ಸೋಲಾರ್ ವಿದ್ಯುತ್ತಿನ ಒಂದು ಪಾಲಿನ ಖರ್ಚು ಯಾವುದೋ ಕಾಡಿನ ನಡುವಿನ ಟರ್ಬೈನ್ ತನ್ನ ಮೈಮೇಲೆ ಹಾಕಿಕೊಳ್ಳುತ್ತದೆ, ಅದನ್ನು ಯಾವ ಬಿಲ್ಲಿನಲ್ಲೂ ಬರೆಯುವುದಿಲ್ಲ. ಕೊನೆಗೆ ಬಿಸಿಲು ಖಚಿತ ಇರುವ ದಿನ ಒಂದೇ ಯಂತ್ರ, ಮೋಡದ ದಿನ ಗಾಳಿ ವಾಲ್ವ್ ತೆರೆದು ಎರಡೂ ಅಂತ ಒಪ್ಪಂದವಾಯಿತು.

ಟೆಂಡರ್ ರೆಡಿ ಇತ್ತಲ್ಲ, ಹಾಗಾಗಿ ವಾರ್ಷಿಕ ರಿಪೇರಿಯಲ್ಲಿ ಬೇರಿಂಗ್ ಬಿಚ್ಚಿಯೇ ಬಿಚ್ಚಿದರು. ಫೋರ್‌ಮನ್ ಫೋನ್ ಮಾಡಿದ್ದರು. ಬೇರಿಂಗಿನ ಒಳಮೈಗೆ ಹಾಕಿದ ಮೆದು ಲೋಹ, ವೈಟ್ ಮೆಟಲ್, ಚೆನ್ನಾಗಿತ್ತಂತೆ, ಒರೆಸಿ ಹಾಗೇ ಕೂರಿಸಿದರಂತೆ. ರನ್ನರಿನ ಎರಡು ಬ್ಲೇಡಿನ ಬುಡದಲ್ಲಿ ಕೂದಲೆಳೆಯ ಬಿರುಕು ಸಿಕ್ಕಿದ್ದವು, ವೆಲ್ಡ್ ಮಾಡಿಸಿದ್ದಾರೆ. ಅವರು ಫೋನ್ ಮಾಡಿದ್ದು ಬೇರೆ ಕಾರಣಕ್ಕೆ. ಗಾಳಿ ಪೈಪಿಗೆ ಸೈಲೆನ್ಸರ್ ಎಲ್ಲಿ ಸಿಗುತ್ತದೆ, ಎಷ್ಟು ಇಂಚಿನದು ಹಾಕಬೇಕು ಅಂತ ಕೇಳಲು.