ನವಣೆ ಬಿಸಿಬೇಳೆಬಾತ್

ಅಕ್ಕಿ ಬದ್ಲು ನವಣೆ ಹಾಕಿ ಬಿಸಿಬೇಳೆಬಾತ್ ಮಾಡೋದು ನಮ್ಮನೇಲಿ ಈಗ ಪರ್ಮನೆಂಟ್ ಆಗೋಗಿದೆ, ಆದ್ರೆ ಬರೀ ಅಕ್ಕಿ ತೆಗ್ದು ನವಣೆ ಹಾಕಿದ್ರೆ ಸಾಕಾಗಲ್ಲ. ಮೊದ್ಲು ಅರ್ಧ ಗಂಟೆ ನೆನೆಸ್ಬೇಕು, ಒಂದು ಲೋಟ ನವಣೆಗೆ ಒಂದು ಲೋಟ ತೊಗರಿಬೇಳೆ, ನೀರು ಧಾರಾಳವಾಗಿರ್ಲಿ ಯಾಕಂದ್ರೆ ಆರ್ತಾ ಆರ್ತಾ ನೀರೆಲ್ಲ ಹೀರ್ಕೊಂಡು ಗಟ್ಟಿ ಆಗ್ಬಿಡತ್ತೆ, ಅದಕ್ಕೆ ಬಡಿಸೋ ಹೊತ್ತಿಗೆ ಬಿಸಿನೀರು ಪಕ್ಕದಲ್ಲೇ ಇಟ್ಕೊಂಡಿರಿ. ಹುಣಸೆರಸ ಬೇಳೆ ಪೂರ್ತಿ ಬೆಂದ್ಮೇಲೇನೇ ಹಾಕಿ, ಮುಂಚೆನೇ ಹಾಕಿದ್ರೆ ಹುಳಿಗೆ ಬೇಳೆ ಬೇಗ ಬೇಯಲ್ಲ.

ಪುಡಿ ವಿಷಯದಲ್ಲಿ ಮಾತ್ರ ನಾನು ಏನೂ ಬದ್ಲು ಮಾಡಲ್ಲ ಕಣ್ರೀ. ಮರಾಠಿ ಮೊಗ್ಗು, ಚಕ್ಕೆ, ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಇರ್ಲೇಬೇಕು, ಒಣಕೊಬ್ಬರಿ ಕೊನೇಲಿ ಹುರೀರಿ, ಇಲ್ಲಾಂದ್ರೆ ಸೀದೋಗತ್ತೆ. ಮುಂದಿನ ವಾರ ಸಾಮೆಲಿ ಟ್ರೈ ಮಾಡ್ಬೇಕು ಅಂತಿದೀನಿ.