ನೆಟ್ ಇಲ್ಲ ಸಾರ್

ಬೆಳಿಗ್ಗೆ ಒಂಬತ್ತೂಕಾಲಿಗೆ ಮೊದಲ ಫೋನ್. "ನೆಟ್ ಇಲ್ಲ ಸಾರ್." ಅಷ್ಟೇ. ಎಲ್ಲಿ ಇಲ್ಲ, ಯಾವಾಗಿಂದ ಇಲ್ಲ, ಪಕ್ಕದವರಿಗಾದರೂ ಇದೆಯಾ ಅಂತ ಒಂದೊಂದಾಗಿ ಬಾಯಿಬಿಡಿಸಬೇಕು. ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ಕೆಲಸದಲ್ಲಿ ಅರ್ಧ ಇದೇ.

ಹೋದ ತಿಂಗಳು ಎರಡನೇ ಮಹಡಿಯಿಂದ ಇಂಥದ್ದೇ ಫೋನ್ ಬಂತು. ಹೋಗಿ ನೋಡಿದರೆ ಒಂದು ಕಂಪ್ಯೂಟರ್‌ನಲ್ಲಿ ನೆಟ್ ಇದೆ, ಪಕ್ಕದ್ದರಲ್ಲಿ ಇಲ್ಲ. ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರು, ನೋಡಿದೆ. ನಮ್ಮಲ್ಲಿ ಎಲ್ಲವೂ 10ರಿಂದ ಶುರುವಾಗುತ್ತವೆ, ಇಲ್ಲಿ 192.168.0.104 ಅಂತಿತ್ತು. ಯಾರೋ ಮನೆಯ ವೈಫೈ ರೂಟರ್ ತಂದು ಸಿಕ್ಕಿಸಿದ್ದಾರೆ!

ಆಗೋದು ಇಷ್ಟೇ. ಕಂಪ್ಯೂಟರ್ ಆನ್ ಆದ ಕೂಡಲೇ ನನಗೊಂದು ವಿಳಾಸ ಕೊಡಿ ಅಂತ ಇಡೀ ನೆಟ್‌ವರ್ಕಿಗೆ ಕೇಳುವ ಹಾಗೆ ಕೂಗುತ್ತದೆ. ಕೊಡಬೇಕಾದದ್ದು ವಿಳಾಸ ಹಂಚುವ ನಮ್ಮ ಡಿಎಚ್‌ಸಿಪಿ ಸರ್ವರ್. ಆದರೆ ಸಾಮಾನ್ಯವಾಗಿ ಮೊದಲು ಓಗೊಟ್ಟವರ ಮಾತನ್ನೇ ಅದು ನಂಬುವುದು. ಗೋಡೆಯ ಕೇಬಲನ್ನು ರೂಟರ್‌ನ ಲ್ಯಾನ್ ಪೋರ್ಟಿಗೆ (ಒಳಗಿನ ಕಂಪ್ಯೂಟರ್‌ಗಳನ್ನು ಜೋಡಿಸುವ ತೂತಿಗೆ) ಚುಚ್ಚಿಬಿಟ್ಟರೆ ಅದೂ ವಿಳಾಸ ಹಂಚೋಕೆ ಕೂರುತ್ತದೆ, ಆದರೆ ಅದಕ್ಕೇ ಹೊರಗೆ ಹೋಗುವ ದಾರಿ ಇಲ್ಲ.

ಆ ರೂಟರ್‌ನ ಮ್ಯಾಕ್ ವಿಳಾಸ (ತಯಾರಿಸುವಾಗಲೇ ಯಂತ್ರಕ್ಕೆ ಕೊಡುವ ನಂಬರು) ಹಿಡಿದು, ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಅನ್ನುವ ಪೆಟ್ಟಿಗೆಯಲ್ಲಿ ಹುಡುಕಿದೆ, 17ನೇ ಪೋರ್ಟ್ ಅಂತ ಎರಡೇ ನಿಮಿಷದಲ್ಲಿ ಸಿಕ್ಕಿತು. ಪೋರ್ಟಿನ ಮೇಲೆ 'ಲ್ಯಾಬ್ 2' ಅಂತ ಚೀಟಿ. ಲ್ಯಾಬ್ ಜಾಗ ಬದಲಾಗಿ ವರ್ಷವಾಗಿದೆ, ಚೀಟಿ ಬದಲಾಯಿಸಬೇಕಾದವನು ನಾನೇ! ಕೇಬಲ್ ಹಿಂದೆ ಹಿಂದೆ ನಲವತ್ತು ನಿಮಿಷ ಅಲೆದ ಮೇಲೆ ಸ್ಟಾಫ್ ರೂಮಿನ ಬೀರು ಹಿಂದೆ ಹಸಿರು ದೀಪ ಮಿನುಗುತ್ತಿತ್ತು, ಮೇಲೆ ಟಿಫಿನ್ ಕ್ಯಾರಿಯರ್.

ನಮ್ಮ ಸರ್ವರ್ ಬಿಟ್ಟು ಬೇರೆ ಯಾರೂ ವಿಳಾಸ ಹಂಚದಂತೆ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಅನ್ನುವ ಸೌಲಭ್ಯ ನಮ್ಮ ಸ್ವಿಚ್‌ನಲ್ಲಿ ಮೊದಲಿಂದಲೂ ಇತ್ತು. ಆನ್ ಮಾಡಿರಲಿಲ್ಲ, ಅದೂ ನನ್ನದೇ ತಪ್ಪು. ಅವತ್ತು ಸಂಜೆ ಮಾಡಿದೆ, ಚೀಟಿಗಳನ್ನೂ ಹೊಸದಾಗಿ ಅಂಟಿಸಿದೆ.

ಉಳಿದ ಕೆಲಸಗಳು ಹೇಳೋಕೆ ಬೇಜಾರು. ಸ್ವಿಚ್‌ಗಳ ಕಾನ್ಫಿಗ್ (ಸೆಟ್ಟಿಂಗ್‌ಗಳ) ಬ್ಯಾಕಪ್, ಬಿಟ್ಟು ಹೋದವರ ಖಾತೆ ಮುಚ್ಚುವುದು, ಯುಪಿಎಸ್ ಬ್ಯಾಟರಿ ನೋಡುವುದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು (ಏನೇನು ನಡೆಯಿತು ಅಂತ ಯಂತ್ರಗಳು ಬರೆದಿಡುವ ದಾಖಲೆ) 180 ದಿನ ಇಡಬೇಕು, ಯಂತ್ರಗಳ ಗಡಿಯಾರಗಳನ್ನೂ ಸರಿಹೊಂದಿಸಬೇಕು. ಗಡಿಯಾರ ಯಾಕೆ ಅಂತೀರಾ? ನೆಟ್‌ವರ್ಕಿನ ಬಾಗಿಲು ಕಾಯುವ ಫೈರ್‌ವಾಲ್‌ನಲ್ಲಿ 10:05, ಸರ್ವರ್‌ನಲ್ಲಿ 10:12 ಅಂತಿದ್ದು, ಗಡಿಯಾರಗಳೇ ಒಂದಕ್ಕೊಂದು ಹೊಂದದಿದ್ದರೆ ಯಾವುದು ಮೊದಲು ನಡೆಯಿತು ಅಂತ ಹೇಳೋದು ಹೇಗೆ?

ರೂಟರ್ ತಂದ ಮೇಷ್ಟ್ರ ಮೇಲೆ ಕೋಪ ಬರಲಿಲ್ಲ. "ಇಲ್ಲಿ ವೈಫೈ ಸಿಗಲ್ಲಪ್ಪ, ಇನ್ನೇನು ಮಾಡ್ಲಿ?" ಅಂದರು. ನಿಜವೇ, ಆ ಮೂಲೆಗೆ ಸಿಗ್ನಲ್ ಬರಲ್ಲ. ಅಲ್ಲಿಗೊಂದು ವೈಫೈ ಸಿಗ್ನಲ್ ಕೊಡುವ ಆಕ್ಸೆಸ್ ಪಾಯಿಂಟ್ ಬೇಕು ಅಂತ ನಾನು ಕೊಟ್ಟ ಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ.