ನೆತ್ತಿ ಒಣಗಿದ ಮರ: ಮೊದಲು ಬುಡ ನೋಡಿ

ಸಂರಕ್ಷಿತ ಮರದ ಬಗ್ಗೆ ದೂರು ಬರುವುದು ಹೆಚ್ಚಾಗಿ ಒಣಗಿದ ನೆತ್ತಿಯನ್ನು ಕಂಡು. ಹಳೆಯ ಮರ ತುದಿಯನ್ನು ಬಿಟ್ಟುಕೊಟ್ಟು ಕೆಳಗೆ ಚಿಗುರಿ ದಶಕಗಟ್ಟಲೆ ಬಾಳುವುದುಂಟು. ಬೇರು ಕೊಳೆತ ಮರವಾದರೋ ಮೈತುಂಬ ಹಸಿರೆಲೆ ಇದ್ದೂ ಉರುಳುತ್ತದೆ.

ಬುಡದ ಕಸ, ಬಳ್ಳಿ, ಸಡಿಲ ಮಣ್ಣನ್ನು ಕೈಯಲ್ಲೇ ಸರಿಸಿ. ಗುದ್ದಲಿ ತಾಗಿದರೆ ಹೊಸ ಗಾಯವಾಗುತ್ತದೆ. ಅಲ್ಲಿ ಅಣಬೆ ಕಂಡು, ಅದರ ಮೇಲೆ ಗಟ್ಟಿ ಕಂದು, ಅಡಿಯಲ್ಲಿ ಬಿಳಿ, ಸುತ್ತ ಕೋಕೋ ಪುಡಿಯಂಥ ಬೀಜಾಣು ಇದ್ದರೆ ಅದು ಮರ ಕೊಳೆಸುವ ಗ್ಯಾನೊಡರ್ಮಾ ಜಾತಿಯದಿರಬಹುದು. ಅಣಬೆಯನ್ನು ಕಿತ್ತೆಸೆದರೆ ಕೊಳೆತ ನಿಲ್ಲುವುದಿಲ್ಲ, ಗುರುತು ಮಾತ್ರ ಅಳಿಸಿಹೋಗುತ್ತದೆ. ಗಾಳಿ ಬಂದಾಗ ಬುಡದ ಮಣ್ಣು ಎದ್ದು ಕೂರುತ್ತಿದ್ದರೆ ಮುಂದಿನ ಪರೀಕ್ಷೆಗೆ ಕಾಯಬೇಡಿ, ಮೊದಲು ಜನರನ್ನು ದೂರವಿಡಿ.

ನೈಲಾನ್ ಸುತ್ತಿಗೆಯಿಂದ ಕಾಂಡದ ಸುತ್ತಲೂ ಗೇಣಿಗೊಂದು ಕಡೆ ತಟ್ಟಿ. ಗಟ್ಟಿ ಮರ ‘ಠಕ್’ ಎನ್ನುತ್ತದೆ, ಪೊಳ್ಳು ‘ಡಬ್’ ಎನ್ನುತ್ತದೆ. ಬಿಟ್ಟುಕೊಂಡ ತೊಗಟೆಯದೂ ಅದೇ ಸದ್ದು. ಇಲ್ಲಿ ಮೋಸ ಹೋಗುವವರೇ ಹೆಚ್ಚು. ಸದ್ದು ಎಲ್ಲಿ ಬದಲಾಯಿತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಸೂಜಿ ಇಳಿಸಿ ಗಟ್ಟಿತನ ಅಳೆಯುವ ರೆಸಿಸ್ಟೋಗ್ರಾಫ್ ಬೇಕಾಗುವುದು ಆ ಗುರುತುಗಳಲ್ಲಿ ಮಾತ್ರ. ಅದರ ಸೂಜಿಯ ತುದಿ ಸುಮಾರು 3 ಮಿ.ಮೀ. ಅಷ್ಟೇ, ಆದರೂ ಕೊಳೆತ ಹರಡದಂತೆ ಮರ ಒಳಗೆ ಕಟ್ಟಿಕೊಂಡ ತಡೆಯನ್ನು ಅದು ತೂತು ಮಾಡಬಹುದು. ಮೂರ್ನಾಲ್ಕು ಕಡೆ ಸಾಕು.

ಕಾಂಡದ ಸುತ್ತಳತೆ 220 ಸೆಂ.ಮೀ. ಎಂದುಕೊಳ್ಳಿ. ತ್ರಿಜ್ಯ ಸುಮಾರು 35. ಪೊಳ್ಳಿನ ಸುತ್ತ ಉಳಿದ ಗಟ್ಟಿ ಮರದ ದಪ್ಪ ಈ ತ್ರಿಜ್ಯದ ಶೇ. 30, ಅಂದರೆ ಹತ್ತೂವರೆ ಸೆಂ.ಮೀ.ಗಿಂತ ಕಡಿಮೆಯಾದರೆ ಎಚ್ಚರಿಕೆ ಬೇಕು. ತೊಗಟೆಯ ದಪ್ಪ ಈ ಲೆಕ್ಕಕ್ಕಿಲ್ಲ. ಪೊಟರೆ ಹೊರಕ್ಕೆ ಬಾಯಿ ತೆರೆದಿದ್ದರೆ ಈ ಅಂಕಿಯನ್ನು ನೆಚ್ಚಬೇಡಿ, ಒಂದು ಪಕ್ಕ ಸೀಳಿದ ಕೊಳವೆಯ ಹಾಗೆ ಅದು ಬೇಗ ಮಡಚಿಕೊಳ್ಳುತ್ತದೆ.

ಬಿದ್ದರೆ ಬೀಳುವುದು ಯಾವುದರ ಮೇಲೆ? ಖಾಲಿ ಬಯಲಾದರೆ ಮರವನ್ನು ಹಾಗೇ ಬಿಡಬಹುದು. ಕೆಳಗೆ ಕೂರುವ ಬೆಂಚಿದ್ದರೆ ಬೆಂಚನ್ನು ಸರಿಸುವುದೇ ಅಗ್ಗದ ದಾರಿ. ಇಲ್ಲವಾದರೆ ಎತ್ತರ ತಗ್ಗಿಸಿ, ಒಂದೇ ಸಲಕ್ಕಲ್ಲ, ವರ್ಷಗಳ ಅಂತರದಲ್ಲಿ ಕಂತುಕಂತಾಗಿ, ಕೆಳಗಿನ ಚಿಗುರನ್ನು ಉಳಿಸಿಕೊಂಡು. ಪೊಟರೆಯಲ್ಲಿ ಹಕ್ಕಿಗೂಡು, ಬಾವಲಿ ಇವೆಯೇ ಎಂದು ನೋಡಿ, ಲಿಖಿತ ಅನುಮತಿ ಕೈಗೆ ಬಂದ ಮೇಲೆಯೇ ಗರಗಸ ಎತ್ತಿ. ವರದಿಯಲ್ಲಿ ‘ಅಪಾಯಕಾರಿ’ ಎಂದಷ್ಟೇ ಬರೆದರೆ ಸಾಲದು: ಯಾವ ಭಾಗ, ನೆಲದಿಂದ ಎಷ್ಟು ಎತ್ತರ, ಯಾವ ದಿಕ್ಕು, ಗಟ್ಟಿ ಮರ ಎಷ್ಟು ಸೆಂ.ಮೀ., ಮತ್ತೆ ಯಾವಾಗ ನೋಡಬೇಕು, ಇಷ್ಟೂ ಇರಲಿ. ಅಳತೆಪಟ್ಟಿ ಪಕ್ಕಕ್ಕಿಟ್ಟು ತೆಗೆದ ಫೋಟೋ ಜೊತೆಗಿದ್ದರೆ ಮುಂದಿನ ಸಲ ಬಂದವರು ಅದೇ ಜಾಗದಲ್ಲಿ ಅಳೆಯಬಹುದು.